ಹೊಸತು ಉಣ್ಣುವ ಮೊದಲು

ಮೆಲ್ಬರ್ನಿನ ಓಣಿಯೊಂದರ ಆ ಜಪಾನಿ ಹೋಟೆಲಿನಲ್ಲಿ ಮೆನು ಕೊಡುವ ಪದ್ಧತಿಯಿಲ್ಲ. ಆಯಾ ಋತುವಿನಲ್ಲಿ ಬೆಳೆದದ್ದು, ಕಡಲಿನಿಂದ ಬಂದದ್ದು ಏನಿದೆಯೋ ಅದನ್ನೇ ಒಂದೊಂದಾಗಿ ಮಾಡಿ ಮುಂದಿಡುತ್ತಾರೆ. ಉದ್ದನೆಯ ಮರದ ಹಲಗೆಯ ಈಚೆ ಉಣ್ಣುವವರು ಸಾಲಾಗಿ ಕೂರಬೇಕು, ಆಚೆ ಅಡುಗೆ. ನಿಶ್ಮಿತಾ ಈ ಜಾಗ ಬುಕ್ ಮಾಡಿದ್ದು ಅದಕ್ಕೇ. ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಎಡಕ್ಕೆ ಗಂಡ ಯಾದವ, ಬಲಕ್ಕೆ ಸಿಡ್ನಿಯಿಂದ ಬಂದ ಅವನ ಅಣ್ಣ ಜಯೇಶ್, ನಡುವೆ ಅವಳು.

ಅಣ್ಣ ತಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಉಡುಪಿಯಲ್ಲಿ ತಾಯಿ ಹಾಸಿಗೆ ಹಿಡಿದಾಗ ಜಯೇಶ್ ಮೊದಲು ತಲುಪಿದ್ದ. ಯಾದವನ ವಿಮಾನ ಸಿಂಗಾಪುರದಲ್ಲಿ ನಿಂತುಬಿಟ್ಟಿತು. ಅವನು ಮನೆ ಮುಟ್ಟುವಾಗ ತಾಯಿ ತೀರಿಕೊಂಡು ದಹನವೂ ಮುಗಿದಿತ್ತು. ಒಂದು ದಿನ ಕಾಯಲಿಲ್ಲವೆಂದು ಯಾದವ ಅಣ್ಣನ ಫೋನ್ ಎತ್ತುವುದನ್ನೇ ಬಿಟ್ಟ. ಈಗ ಜಯೇಶ್ ಆಫೀಸಿನ ಕೆಲಸಕ್ಕೆ ಬಂದಿದ್ದಾನೆ, ನಾಳೆ ಹಿಂದಕ್ಕೆ. ಇವತ್ತು ಮಾತು ಹುಟ್ಟದಿದ್ದರೆ ಇನ್ನು ಹುಟ್ಟುವುದಿಲ್ಲ ಎಂದು ನಿಶ್ಮಿತಾಳಿಗೆ ಅನಿಸಿತ್ತು.

ಅಣಬೆಯ ಸಾರು ಬಂತು. ಅಗಲವಾದ ತಟ್ಟೆಯಲ್ಲಿ ಒಂದು ತುಂಡು ಮೀನು ಬಂತು.

"ಇಷ್ಟು ದೊಡ್ಡ ತಟ್ಟೆಗೆ ಇಷ್ಟೇ ಮೀನಾ? ಬೆಕ್ಕಿಗೆ ಇಟ್ಟ ಹಾಗೆ ಉಂಟು," ಎಂದ ಜಯೇಶ್.

"ಮೆಲ್ಲ ಭಾವ. ಅವರಿಗೆ ಕೇಳ್ತದೆ," ಎಂದಳು ನಿಶ್ಮಿತಾ.

"ಕೇಳ್ಲಿ. ನಮ್ಮ ತುಳು ಬರ್ತದಾ ಅವರಿಗೆ?"

ಯಾದವ ಹೆಂಡತಿಯ ಕಡೆ ತಿರುಗಿ, "ಅವನಿಗೆ ಹೇಳು, ಊಟ ಇನ್ನೂ ಬರ್ಲಿಕ್ಕುಂಟು. ಎಲ್ಲದಕ್ಕೂ ಅವಸರ ಮಾಡ್ಬಾರ್ದು ಅಂತ," ಎಂದ.

ಜಯೇಶನಿಗೆ ಕೇಳಿಸಿತು. ಅವನು ಮೀನಿನ ಮುಳ್ಳು ಬಿಡಿಸತೊಡಗಿದ.

ಕೊನೆಗೆ ಅಡುಗೆಯವನು ಮಣ್ಣಿನ ಗಡಿಗೆ ತಂದು ಮುಚ್ಚಳ ತೆಗೆದ. ಹಬೆ ಎದ್ದಿತು. ಅರವತ್ತು ದಾಟಿದ ಮನುಷ್ಯ. ಇದು ಈ ದೇಶದ್ದೇ, ರಿವರೀನಾ ಸೀಮೆಯ ಗದ್ದೆಯ ಅಕ್ಕಿ, ಈ ವರ್ಷದ ಮೊದಲ ಕೊಯ್ಲು, ಇವತ್ತೇ ಚೀಲ ಬಿಚ್ಚಿದ್ದು ಎಂದು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿ ಮೂರು ಬಟ್ಟಲಿಗೆ ಬಡಿಸಿದ.

ಮೂವರೂ ಕೈ ಹಚ್ಚಲಿಲ್ಲ.

ಅವರ ಊರ ಕಡೆ ಹೊಸ ಅಕ್ಕಿಯ ಅನ್ನವನ್ನು ಹಾಗೆಯೇ ಬಾಯಿಗೆ ಹಾಕುವುದಿಲ್ಲ. ಎಲೆಯ ಮುಂದೆ ಕೂತ ಕಿರಿಯರು ಹಿರಿಯರನ್ನು ಕರೆದು, ಹೊಸತು ಉಣ್ಣುತ್ತೇನೆ ಎಂದು ಕೇಳಬೇಕು. ಅವರು ಉಣ್ಣು ಎಂದ ಮೇಲೆ ತುತ್ತು. ಅಂಗಡಿಯಿಂದ ತರುವ ಅಕ್ಕಿ ಹೊಸತೋ ಹಳತೋ ಯಾರು ಕಂಡರು. ಇಲ್ಲಿ ಹೇಳಿಯೇ ಬಡಿಸಿದ್ದರು.

"ಭಾವ, ಹೊಸತು ಉಣ್ತೇನೆ," ಎಂದಳು ನಿಶ್ಮಿತಾ.

"ಉಣ್ಣು."

ಅವಳು ಗಂಡನನ್ನೂ ಕೇಳಿದಳು. ಅವನು ಹೂಂ ಎಂದ. ಇನ್ನು ಅಣ್ಣನನ್ನು ಕೇಳಬೇಕಾದವನು ಯಾದವ. ಅವನು ಬಟ್ಟಲನ್ನೇ ನೋಡುತ್ತಿದ್ದ. ಹಬೆ ತೆಳುವಾಯಿತು. ಅಡುಗೆಯವನು ಬಂದು, ಏನಾದರೂ ತಪ್ಪಾಯಿತೇ ಎಂದ. ನಿಶ್ಮಿತಾ ಇಲ್ಲವೆಂದು ತಲೆಯಾಡಿಸಿದಳು.

"ಅಣ್ಣ," ಎಂದ ಯಾದವ, ಹಲಗೆಯ ಕಡೆಗೇ ಮುಖವಿಟ್ಟು. "ಹೊಸತು ಉಣ್ತೇನೆ."

ಜಯೇಶ್ ತಮ್ಮನ ಕಡೆ ತಿರುಗಿದ. ಪ್ರತಿ ವರ್ಷ ಇವರಿಬ್ಬರೂ ಕೇಳುತ್ತಿದ್ದದ್ದು ತಾಯಿಯನ್ನು.

"ಉಣ್ಣು," ಎಂದ. ಆಮೇಲೆ, "ನಾನು ಯಾರ ಹತ್ರ ಕೇಳುದು?"

"ಯಾರೂ ಇಲ್ಲ. ಉಣ್ಣು ನೀನು," ಎಂದ ಯಾದವ.

ಉಂಡರು. ಅನ್ನ ಸ್ವಲ್ಪ ಅಂಟು, ಸ್ವಲ್ಪ ಸಿಹಿ. ಬಟ್ಟಲು ಅರ್ಧವಾದಾಗ ಯಾದವ ಕೇಳಿದ:

"ಅಮ್ಮ ಕೊನೆಗೆ ಏನಾದ್ರೂ ತಿಂದಿದ್ರಾ?"

"ಗಂಜಿ ತಿಳಿ. ಎರಡು ಚಮಚ."

"ಯಾರು ಕೊಟ್ಟದ್ದು?"

"ನಾನೇ. ಮೂರನೇದು ಬೇಡ ಅಂದ್ರು. ನೀನು ಬಂದ್ಯಾ ಅಂತ ಕೇಳಿದ್ರು. ದಾರಿಯಲ್ಲಿದ್ದಾನೆ ಅಂದೆ."

ಯಾದವ ತಲೆಯಾಡಿಸಿದ. ಅಡುಗೆಯವನು ಇನ್ನಷ್ಟು ಬೇಕೇ ಎಂದು ಕೈಸನ್ನೆ ಮಾಡಿದಾಗ ಅಣ್ಣ ತಮ್ಮಂದಿರ ಎರಡು ಬಟ್ಟಲುಗಳೂ ಒಟ್ಟಿಗೆ ಮುಂದೆ ಬಂದವು.