ಹೊರಗೆ ಕೂತವಳು

"ರಿಕ್ಯೂಸ್ ಅಂದ್ರೆ ಏನೇ ಅದು?" ಅಂತ ಅತ್ತೆ ದೋಸೆ ಮುರಿಯುತ್ತಾ ಕೇಳಿದಾಗ ಪಂಕಜಾಗೆ ತಟ್ಟನೆ ಕನ್ನಡದಲ್ಲಿ ಹೇಳಲು ಬರಲಿಲ್ಲ. ಗಂಡ ಜಯರಾಮು ಬೆಳಗಿನಿಂದ ಆ ಪದವನ್ನು ಬೈಗುಳದ ಹಾಗೆ ಬಳಸುತ್ತಿದ್ದ, ಅವರ ಕಿವಿಗೂ ಬಿದ್ದಿತ್ತು.

"ಯೂನಿವರ್ಸಿಟಿ ಬೋರ್ಡಿನಲ್ಲಿ ನಮ್ಮ ಮನೆಯವರಿಗೆ ಸಂಬಂಧಪಟ್ಟ ವಿಷಯ ಬಂದ್ರೆ ನಾವು ಓಟು ಹಾಕಬಾರದು ಅತ್ತೆ, ಮಾತೂ ಆಡಬಾರದು. ಅದು ಮುಗಿಯೋ ತನಕ ಎದ್ದು ಬಂದು ಹೊರಗೆ ಕೂತಿರಬೇಕು."

ಅತ್ತೆ ದೋಸೆಯ ಚೂರನ್ನು ಚಟ್ನಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡರು. "ಹಾಗನ್ನು ಮತ್ತೆ. ಹೊರಗೆ ಕೂತಿದೀಯ."

ಜಯರಾಮು ಕಾಫಿ ನೆತ್ತಿಗೇರಿ ಕೆಮ್ಮಿದ.

"ಮದುವೆಯಾದ ಹೊಸದರಲ್ಲಿ, ಮೈಸೂರಲ್ಲಿ, ತಿಂಗಳಿಗೆ ಮೂರು ದಿನ ಕೂತ್ಕೊಳೇ ತಾಯಿ ಅಂತ ಬೇಡಿಕೊಂಡೆ," ಅಂದರು ಅತ್ತೆ ಮಗನ ಕಡೆ ತಿರುಗಿ. "ಕೂತ್ಳಾ ಮಹಾರಾಯಿತಿ? ಅಡುಗೆಮನೆಗೇ ನುಗ್ಗಿದ್ಳು. ಈಗ ನೋಡು, ಈ ಪರದೇಶದವರು ಹೇಳಿದ ತಕ್ಷಣ ಕೂರ್ತಾಳೆ."

"ಅವರು ಹೇಳಿದ್ದಲ್ಲಮ್ಮ," ಅಂದ ಜಯರಾಮು. "ಆ ರೂಲು ಬರೆದವಳೇ ಇವಳು."

ಅದು ನಿಜ. ಪಂಕಜಾ ಹಗಲು ಕ್ರ್ಯಾನ್‌ಬರಿಯ ಔಷಧಿ ಕಂಪನಿಯ ಕೆಲಸ, ಸಂಜೆ ಮಗಳು ಸಂಹಿತಾಳ ಈಜಿನ ಕ್ಲಾಸು ಅಂತ ಓಡಾಡಿಕೊಂಡೇ ಆ ಸಣ್ಣ ಯೂನಿವರ್ಸಿಟಿಯಲ್ಲಿ ಎಂಬಿಎ ಮಾಡಿದ್ದಳು. ಹಳೆಯ ವಿದ್ಯಾರ್ಥಿಗಳೇ ಅವಳನ್ನು ಬೋರ್ಡಿಗೆ ಟ್ರಸ್ಟಿಯಾಗಿ ಆರಿಸಿದ್ದರು. ಸಂಬಳವಿಲ್ಲದ ಚಾಕರಿ. ಮೊದಲೆಲ್ಲ ಸ್ವಂತದವರ ವಿಷಯ ಬಂದರೆ ಟ್ರಸ್ಟಿಗಳು ಅಲ್ಲೇ ಬಾಯಿ ಮುಚ್ಚಿಕೊಂಡು ಕೂತಿರಬಹುದಿತ್ತು. ಬಾಯಿ ಮುಚ್ಚಿದರೇನು, ಕಣ್ಣು ಮಾತಾಡುವುದಿಲ್ಲವೇ ಅಂತ ವಾದ ಮಾಡಿ, ಎದ್ದೇ ಹೋಗಬೇಕು ಅಂತ ನಿಯಮ ತಿದ್ದಿಸಿದವಳು ಪಂಕಜಾ. ಇವತ್ತು ಬೋರ್ಡಿನ ಮುಂದಿದ್ದ ವಿಷಯ ಜಿಯಾಲಜಿ ವಿಭಾಗವನ್ನು ಮುಚ್ಚಬೇಕೇ ಬೇಡವೇ ಅನ್ನುವುದು. ಜಯರಾಮು ಅಲ್ಲಿ ಲೆಕ್ಚರರ್. ವಿಭಾಗ ಹೋದರೆ ಅವನ ಕೆಲಸವೂ ಹೋಗುತ್ತದೆ. ಐವತ್ತೆರಡರ ವಯಸ್ಸಿನಲ್ಲಿ ಕಲ್ಲಿನ ಪಾಠ ಹೇಳುವವನಿಗೆ ಇನ್ನೆಲ್ಲಿ ಕೆಲಸ ಸಿಗಬೇಕು?

"ಓಟು ಬೇಡ ಬಿಡು," ಅಂದ ಜಯರಾಮು, ಲೋಟ ಸಿಂಕಿಗೆ ಹಾಕುತ್ತಾ. "ಎದ್ದು ಹೋಗೋ ಮುಂಚೆ ಒಂದು ಮಾತು. ಇದು ಒಳ್ಳೆ ಡಿಪಾರ್ಟ್‌ಮೆಂಟು ಅಂತ ಒಂದೇ ಒಂದು ಮಾತು. ನಿನ್ನ ಗಂಟೇನು ಹೋಗುತ್ತೆ?"

"ಆಗಲ್ಲ ರೀ."

"ಸರಿ. ಹೋಗಿ ಕೂತ್ಕೋ."

ಬೋರ್ಡ್ ರೂಮಿನಲ್ಲಿ ಅಧ್ಯಕ್ಷೆ ಮಾರ್ಗರೆಟ್ ಆ ವಿಷಯದ ಹೆಸರು ಓದಿ, ಕನ್ನಡಕದ ಮೇಲಿಂದ ಪಂಕಜಾಳನ್ನು ನೋಡಿದಳು. ಪಂಕಜಾ ಬ್ಯಾಗು ತೆಗೆದುಕೊಂಡು ಎದ್ದಳು. ಎಲ್ಲರೂ ಕಾಗದ ನೋಡುವ ನೆಪ ಮಾಡಿದರು. ಹಿಂದೆ ಬಾಗಿಲು ಮುಚ್ಚಿತು.

ಕಾರಿಡಾರಿನಲ್ಲಿ ಒಂದೇ ಒಂದು ಕುರ್ಚಿ. ಕೂತಳು. ಒಳಗಿನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹಾಗೆ ಕೂತಾಗಲೇ ಅವಳಿಗೆ ಎಷ್ಟು ದಣಿದಿದ್ದೇನೆ ಅನ್ನುವುದು ಗೊತ್ತಾಗಿದ್ದು. ಮತ್ತೊಂದೂ ಗೊತ್ತಾಯಿತು, ಅದನ್ನು ಅವಳು ವಾರದಿಂದ ಪಕ್ಕಕ್ಕೆ ತಳ್ಳುತ್ತಾ ಬಂದಿದ್ದಳು. ವಿಭಾಗಕ್ಕೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕರಗಿ ಬೆರಳೆಣಿಕೆಗೆ ಬಂದಿದ್ದರು. ಜಿಯಾಲಜಿಯ ಲ್ಯಾಬು ಖಾಲಿ ಹೊಡೆಯುತ್ತಿದ್ದರೆ, ನರ್ಸಿಂಗ್ ಮಕ್ಕಳು ಲ್ಯಾಬಿಗೆ ಜಾಗವಿಲ್ಲದೆ ಶನಿವಾರ ಭಾನುವಾರವೂ ಪಾಳಿ ಕಾಯುತ್ತಿದ್ದರು. ಒಳಗೆ ಇದ್ದಿದ್ದರೆ ತನ್ನ ಕೈ ಮುಚ್ಚುವ ಕಡೆಗೇ ಏಳುತ್ತಿತ್ತು. ಕೈ ಎತ್ತಬೇಕಿಲ್ಲ ಅಂತ ನಿಯಮ ಹೇಳಿದಾಗ ಅವಳಿಗೆ ಒಳಗೊಳಗೇ ಹಾಯೆನಿಸಿತ್ತು.

ಬಾಗಿಲು ತೆರೆಯಿತು. ಬಂದವನು ಅರವಿಂದ್, ಬೋರ್ಡಿನಲ್ಲಿದ್ದ ಇನ್ನೊಬ್ಬ ಕನ್ನಡದವನು. ಎಡಿಸನ್ನಿನಲ್ಲಿ ಹಲ್ಲಿನ ಡಾಕ್ಟರು, ಜಯರಾಮುವಿನ ಬ್ಯಾಡ್ಮಿಂಟನ್ ಜೊತೆಗಾರ.

"ಕಾಫಿ ಬ್ರೇಕು," ಅಂದ, ಕಾಫಿಯ ಕಡೆ ತಿರುಗಿಯೂ ನೋಡದೆ. ಹತ್ತಿರ ಬಂದು ದನಿ ತಗ್ಗಿಸಿದ. "ಪಂಕಜಾ ಅವ್ರೇ, ಒಳಗೆ ಸಮಸಮ ಆಗಿದೆ. ನನ್ನ ಓಟು ಎತ್ತ ವಾಲುತ್ತೋ ಅತ್ತ ಕಡೆ. ನನಗೆ ಹಲ್ಲು ಗೊತ್ತು, ಕಲ್ಲು ಗೊತ್ತಿಲ್ಲ. ಉಳಿಸೋ ಹಾಗಿದೆಯಾ ಹೇಳಿ."

"ನಾನು ಮಾತಾಡೋ ಹಾಗಿಲ್ಲ, ಅರವಿಂದ್."

"ಮಾತು ಯಾರಿಗೆ ಬೇಕು? ತಲೆ ಆಡಿಸಿ ಸಾಕು. ನಮ್ಮ ತಲೆ ಆಡಿಸೋದು ಮಾರ್ಗರೆಟ್‌ಗೆ ಈ ಜನ್ಮದಲ್ಲಿ ಅರ್ಥ ಆಗಲ್ಲ."

ಅಡ್ಡ ಆಡಿಸಿದರೆ ಗಂಡನಿಗೆ ದ್ರೋಹ, ಉದ್ದ ಆಡಿಸಿದರೆ ಸುಳ್ಳು. ಪಂಕಜಾ ಕತ್ತು ಉಳುಕಿದವಳ ಹಾಗೆ ನೆಟ್ಟಗೆ ಕೂತಳು.

"ನೀವು ಕೇಳಿದ್ದೇ ತಪ್ಪು. ಇದನ್ನ ಮಾರ್ಗರೆಟ್‌ಗೆ ಹೇಳಬೇಕಾಗುತ್ತೆ ನಾನು."

"ಅಯ್ಯೋ, ಶಿವನೇ! ಬಿಡಿ, ಕೇಳಲೇ ಇಲ್ಲ ಅಂದ್ಕೊಳಿ," ಅಂದು ಅರವಿಂದ್ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಅವಳನ್ನು ಕರೆದರು. ಫಲಿತಾಂಶ ಸೋಮವಾರ ಮಧ್ಯಾಹ್ನ ಪ್ರಕಟವಾಗುವವರೆಗೆ ಗುಟ್ಟಾಗಿರಬೇಕು ಅಂತ ಮಾರ್ಗರೆಟ್ ಎಲ್ಲರಿಗೂ ನೆನಪಿಸಿ, ಪಾರ್ಕಿಂಗ್ ಜಾಗದ ವಿಷಯಕ್ಕೆ ದಾಟಿದಳು. ಎದುರಿಗಿದ್ದ ಅರವಿಂದ್ ಅವಳ ಕಡೆ ಕಣ್ಣೆತ್ತಲಿಲ್ಲ. ವಿಭಾಗ ಹೋಯಿತು ಅಂತ ಅಷ್ಟರಲ್ಲೇ ಪಂಕಜಾಗೆ ತಿಳಿಯಿತು. ಸಭೆ ಮುಗಿದ ಮೇಲೆ ಮಾರ್ಗರೆಟ್ ಹತ್ತಿರ ಹೋಗಿ ಕಾರಿಡಾರಿನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾರ್ಗರೆಟ್ ನಿಟ್ಟುಸಿರು ಬಿಟ್ಟು ಥ್ಯಾಂಕ್ಸ್ ಅಂದಳು. ಅದರಲ್ಲಿ ಸಂತೋಷವೇನೂ ಇರಲಿಲ್ಲ.

ರೂಟ್ ಒನ್ನಿನ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಮಾನ್ಮತ್ ಜಂಕ್ಷನ್ನಿನ ಮನೆಗೆ ಬಂದಾಗ ಸಂಜೆಯಾಗಿತ್ತು. ಜಯರಾಮು ಸೋಫಾದ ತುದಿಯಲ್ಲಿ ಶೂ ಹಾಕಿಕೊಂಡೇ ಕೂತಿದ್ದ.

"ಅರವಿಂದ್ ಫೋನ್ ಮಾಡಿದ್ದ," ಅಂದ.

ಗುಟ್ಟು ಅಲ್ಲಿಗೆ ಮುಗಿದಿತ್ತು. ಪಂಕಜಾ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

"ಒಂದೇ ಓಟಿನಲ್ಲಿ ಹೋಯ್ತಂತೆ. ನಿನ್ನ ಕೇಳಿದ್ನಂತೆ, ಕಲ್ಲಿನ ಹಾಗೆ ಕೂತಿದ್ಯಂತೆ. ಕಲ್ಲಿನ ಬಗ್ಗೆ ನನಗೇ ಹೇಳ್ತಾನೆ."

"ಅವನು ನಿಮಗೆ ಹೇಳಬಾರದಿತ್ತು."

"ಹೇಳಬಾರದಿತ್ತು, ಒಪ್ಪಿದೆ. ಕೇಳಲೂ ಬಾರದಿತ್ತು, ಅದನ್ನೂ ಒಪ್ಪಿದೆ. ಈಗ ಎಲ್ಲ ಮುಗೀತಲ್ಲ ಪಂಕು, ನಾನು ಕೇಳ್ತೀನಿ. ಒಳಗಿದ್ದಿದ್ರೆ ಯಾವ ಕಡೆ ಕೈ ಎತ್ತುತ್ತಿದ್ದೆ?"

ಹಾಲ್‌ನಲ್ಲಿ ಮಾರ್ಗರೆಟ್ ಇರಲಿಲ್ಲ, ಮುಚ್ಚಿಕೊಳ್ಳಲು ಬಾಗಿಲೂ ಇರಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯ ಕುಕ್ಕರ್ ಒಂದು ವಿಷಲ್ ಹಾಕಿತು.

"ಮುಚ್ಚೋ ಕಡೆ," ಅಂದಳು ಪಂಕಜಾ.

ಜಯರಾಮು ಬಗ್ಗಿ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದ.

"ಬೋರ್ಡಿನಲ್ಲಿ ಬಾಯಿ ಬಿಡೋ ಹಾಗಿರಲಿಲ್ಲ, ಸರಿ. ಬೆಳಿಗ್ಗೆ ದೋಸೆ ಹಾಕ್ತಾ ಹೇಳೋದಕ್ಕೆ ಯಾವ ರೂಲು ಅಡ್ಡ ಬಂತು? ಹೆಂಡತಿ ಕೈ ಕಟ್ಟಿ ಹಾಕಿದಾರೆ, ಇಲ್ಲದಿದ್ರೆ ನನ್ನ ಪರ ಇರ್ತಿದ್ಳು ಅಂತ ವಾರವೆಲ್ಲ ಒದ್ದಾಡಿದೆನಲ್ಲ."

ರೂಲು ಯಾವುದೂ ಅಡ್ಡ ಬಂದಿರಲಿಲ್ಲ.

ಅವನು ಎದ್ದು ಕೀ ತೆಗೆದುಕೊಂಡ. "ಸಂಹಿತಾನ ಪೂಲಿನಿಂದ ಕರ್ಕೊಂಡು ಬರ್ತೀನಿ. ನೀನು ಊಟ ಮಾಡು."

ಪಂಕಜಾ ಬಿಚ್ಚಿದ್ದ ಕೋಟನ್ನು ಮತ್ತೆ ಹಾಕಿಕೊಂಡು ಹಿಂದೆಯೇ ಹೋಗಿ ಕಾರಿನ ಪಕ್ಕದ ಸೀಟಿನಲ್ಲಿ ಕೂತಳು. ಅವನು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಮೂರನೆಯ ಸಿಗ್ನಲ್ಲಿನಲ್ಲಿ ಕೇಳಿದ. "ಸೋಮವಾರದ ತನಕ ಯಾರಿಗೂ ಹೇಳೋ ಹಾಗಿಲ್ಲ, ಅಲ್ವಾ?"

"ಇಲ್ಲ ರೀ."

"ಸೋಮವಾರ ಬೆಳಿಗ್ಗೆ ಕ್ಲಾಸಿನ ಮಕ್ಕಳನ್ನ ನದಿ ದಂಡೆಯ ಪ್ಯಾಲಿಸೇಡ್ಸ್ ಬಂಡೆ ತೋರಿಸೋಕೆ ಕರ್ಕೊಂಡು ಹೋಗ್ಬೇಕು. ಮುಂದಿನ ಸೆಮಿಸ್ಟರಿಗೆ ಏನು ತಗೊಳ್ಳೋಣ ಸಾರ್ ಅಂತ ಕೇಳ್ತಾವೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮುಖ ಇಟ್ಕೊಳೋದು ಹೇಗೆ ಅಂತ ನೀನೇ ಹೇಳಿಕೊಡು. ನಿನಗೆ ವಾರದ ಅಭ್ಯಾಸ ಇದೆ."

ಹಸಿರು ಬಂತು. ಹಿಂದಿನವನು ಹಾರ್ನ್ ಮಾಡಿದ.

"ಕಷ್ಟ ರೀ," ಅಂದಳು ಪಂಕಜಾ. "ಬರೀ ಸುಸ್ತಾಗುತ್ತೆ."

ಜಯರಾಮು ಗಾಡಿ ಮುಂದೆ ಬಿಟ್ಟ.