ನಕ್ಷೆಯಲ್ಲಿ ಮೂರು ಪೊದೆ

ನಾನು ಒಂದು ಹಲಗೆ. ಕಮರದ ಮರದ್ದು, ಐದಡಿ ಉದ್ದ, ಮೂರಡಿ ಅಗಲ. ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟು ಪುಕ್ಕಲ. ಮರವಾಗಿದ್ದಾಗ ಕೊಡಲಿಗೆ ಹೆದರಿದೆ, ದಿಮ್ಮಿಯಾದಾಗ ಗರಗಸಕ್ಕೆ, ಹಲಗೆಯಾದ ಮೇಲೆ ಒದ್ದೆ ಬಟ್ಟೆಗೆ. ಒದ್ದೆ ಬಟ್ಟೆಗೂ ಹೆದರುತ್ತಾರೆಯೇ ಎಂದು ನಗಬೇಡಿ. ನಿಮ್ಮ ಮೈಮೇಲೆ ಒಂದು ಊರಿನ ಜನರನ್ನೆಲ್ಲ ಬರೆದು, ಹತ್ತು ವರ್ಷಕ್ಕೊಮ್ಮೆ ಒರೆಸಿಹಾಕಿದ್ದರೆ ನಿಮಗೂ ಗೊತ್ತಾಗುತ್ತಿತ್ತು.

ಹಿರೇಬಾವಿಯ ಬಡಗಿ ನನ್ನನ್ನು ಕೊಯ್ದು, ಉಜ್ಜಿ, ಮೂರು ತುಂಡು ಕೂಡಿಸಿ ಊರಿನ ಶಾಲೆಗೆ ಕೊಟ್ಟ. ಹೆಡ್‌ಮಾಸ್ತರು ಪಾಲಾಕ್ಷಪ್ಪ ನನಗೆ ಕರಿ ಬಣ್ಣ ಬಳಿಸಿ, ಪೇಂಟರನ್ನು ಕರೆಸಿ ‘ನಮ್ಮ ಪಂಚಾಯ್ತಿ’ ಎಂದು ಬರೆಸಿದರು. ಉತ್ತರಕ್ಕೆ ಗೂಬೆಗುಡ್ಡ ಬಂತು. ನಡುವೆ ಸೊಟ್ಟಗೆ ಉಪ್ಪಿನಹಳ್ಳ ಬಂತು. ನಾಲ್ಕು ಊರು, ಎರಡು ಕೆರೆ, ಒಂದು ಡಾಂಬರು ರಸ್ತೆ. ಕೆಳಗೆ, ಒರೆಸಿ ಬದಲಿಸಲು ಬರುವಂತೆ ನೀರುಬಣ್ಣದಲ್ಲಿ, ವಿಸ್ತೀರ್ಣ ಇಷ್ಟು ಎಕರೆ, ಗಂಡಸರು ಇಷ್ಟು, ಹೆಂಗಸರು ಇಷ್ಟು. ಒಟ್ಟು ಮೂರು ಸಾವಿರದ ಒಂಬೈನೂರ ಆರು ಜನ ನನ್ನ ಮೇಲೆ ಕುಳಿತರು. ಭಾರಕ್ಕೆ ಮೊಳೆ ಕಿತ್ತುಬರುತ್ತದೇನೋ ಎಂದು ಹೆದರಿದೆ.

ಪೇಂಟರು ಗುಡ್ಡದ ಹಿಂಬದಿಗೆ ಕುಂಚ ಹಿಡಿದು ನಿಂತ.

“ಇಲ್ಲಿ ಕುರುಬರ ಹಟ್ಟಿ ಐತಲ್ಲ ಸಾರ್, ತುಗ್ಗಲಿಹಟ್ಟಿ. ಬರೀಲಾ?”

“ಸರ್ಕಾರದ ನಕ್ಷೇಲಿ ಐತೇನು?”

“ಇಲ್ಲ.”

“ಮತ್ತೆ? ಗೋಮಾಳ ಅದು. ಖಾಲಿ ಕಾಣ್ತದೆ ಅಂದ್ರೆ ನಾಕು ಪೊದೆ ಬರಿ.”

ಪೇಂಟರ ಬಳಿ ಹಸಿರು ಬಣ್ಣ ಮುಗಿಯುತ್ತಾ ಬಂದಿತ್ತು. ಮೂರೇ ಪೊದೆ ಬರೆದ.

ಎರಡು ಸಲ ನನ್ನನ್ನು ಒರೆಸಿದರು. ಎರಡು ಸಲವೂ ಹಳೆಯ ಅಂಕಿ ಅಳಿಸಿ ಹೊಸದು ಬರೆದರು. ಅಳಿಸಿದವರು ಎಲ್ಲಿ ಹೋದರು ಎಂದು ಯಾರೂ ಕೇಳಲಿಲ್ಲ. ಮೂರನೆಯ ಸಲ ಹೊಳಪು ಕಾಗದದ ನಕ್ಷೆ ಬಂತು. ನನ್ನನ್ನು ಗೋಡೆಯಿಂದ ಇಳಿಸಿದರು. ಒಲೆಗೆ ಹಾಕುತ್ತಾರೆ ಎಂದೇ ತಿಳಿದೆ. ಹಾಕಲಿಲ್ಲ. ಟ್ರ್ಯಾಕ್ಟರಿನಲ್ಲಿ ಹೇರಿ ಗುಡ್ಡ ಸುತ್ತಿಸಿ, ಆ ಮೂರು ಪೊದೆಗಳಿದ್ದ ಜಾಗಕ್ಕೇ ಕಳಿಸಿದರು.

ಅಲ್ಲಿ ಪೊದೆ ಇರಲಿಲ್ಲ. ಮೂವತ್ತೆಂಟು ಮನೆಗಳಿದ್ದವು. ಮುಳ್ಳುಬೇಲಿಯ ಕುರಿರೊಪ್ಪಗಳಿದ್ದವು. ಒಂದೇ ಕೋಣೆಯ ಹೊಸ ಶಾಲೆ ಇತ್ತು. ಟೀಚರು ಕೊಟ್ರಮ್ಮ ನನ್ನನ್ನು ಬಾಗಿಲ ಎದುರಿನ ಗೋಡೆಗೆ, ಮಕ್ಕಳ ಕೈಗೆಟುಕುವಷ್ಟು ತಗ್ಗಿನಲ್ಲಿ ಹೊಡೆಸಿ, ಸೊಂಟಕ್ಕೆ ಕೈಯಿಟ್ಟು ನೋಡಿದಳು. ಮುಖ ಕೆಂಪಾಯಿತು.

“ಇಷ್ಟು ಜನ ಇದೀರಿ. ನಿಮ್ಮನ್ನ ಮೂರು ಗಿಡ ಮಾಡಿ ಕೂರಿಸವರೆ!” ಎಂದು ಬಯ್ಯುತ್ತಲೇ ಚಾಕುವಿನಿಂದ ಪೊದೆಗಳನ್ನು ಕೆರೆದಳು. ಮೈ ಉರಿಯಿತು. ಆ ಜಾಗದಲ್ಲಿ ಸೀಮೆಸುಣ್ಣದಿಂದ ತುಗ್ಗಲಿಹಟ್ಟಿ ಎಂದು ಬರೆದಳು. ಸುಣ್ಣ ಎಷ್ಟು ದಿನ ನಿಲ್ಲುತ್ತದೆ? ಅಂದಿನಿಂದ ಪ್ರತಿ ಗಾಳಿಗೂ ನನಗೆ ನಡುಕ.

ನಡುಕ ನನಗೊಬ್ಬನಿಗೇ ಇರಲಿಲ್ಲ. ಗೂಬೆಗುಡ್ಡದ ಮೇಲೆ ಆಗಲೇ ಹನ್ನೆರಡು ಗಾಳಿ ಫ್ಯಾನು ತಿರುಗುತ್ತಿದ್ದವು. ಇನ್ನಷ್ಟು ನೆಡಲು ಗುಡ್ಡದ ಹಿಂದಿನ ಖಾಲಿ ಗೋಮಾಳ ಕೇಳಿದ್ದಾರೆ ಎಂಬ ಸುದ್ದಿ ಬಂದಿತ್ತು. ಖಾಲಿ ಗೋಮಾಳ ಎಂದರೆ ಈ ಮೂವತ್ತೆಂಟು ಮನೆಗಳೇ. ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಹಟ್ಟಿ ಊರೆಂದು ದಾಖಲಾಗಬೇಕು. ಅದಕ್ಕೆ ಇನ್ನೂರೈವತ್ತು ಜನ ಇರಬೇಕು ಎಂದು ತಾಲ್ಲೂಕು ಕಚೇರಿಯವರು ಹೇಳಿ ಹೋಗಿದ್ದರು. ಲೆಕ್ಕ ಬರೆಯಲು ತಿಪ್ಪೇರುದ್ರಪ್ಪ ಎಂಬ ಗುಮಾಸ್ತ ಬಂದ. ಕೈಯಲ್ಲಿ ಫಾರಮು, ಬಗಲಲ್ಲಿ ನೀರಿನ ಬಾಟಲಿ. ಕೊಟ್ರಮ್ಮ ಅವನ ಜೊತೆ ಮನೆ ಮನೆ ತಿರುಗಿ ಬಂದು ಒಂದೊಂದು ಮನೆಯ ಅಂಕಿಯನ್ನು ನನ್ನ ಮೇಲೆ ಬರೆದಳು. ಕೂಡಿಸಿದರೆ ಇನ್ನೂರ ಮೂವತ್ತೊಂದು.

“ಹತ್ತೊಂಬತ್ತು ಕಮ್ಮಿ ಬಿತ್ತಲ್ಲ ಟೀಚರಮ್ಮ,” ಎಂದ ತಿಪ್ಪೇರುದ್ರಪ್ಪ. “ನಾಳೆ ಮಧ್ಯಾಹ್ನದ ಬಸ್ಸಿಗೆ ನಾನು ಹೊರಟೆ. ಇದ್ದದ್ದು ಬರೆದು ಕೊಡ್ತೀನಿ.”

ಕೊಟ್ರಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಜನ ಸುಳ್ಳು ಹೇಳಿದ್ದರು.

ಆ ಹಟ್ಟಿಯಲ್ಲಿ ಎಣಿಸುವಂತಿಲ್ಲ. ಕುರಿಯನ್ನೂ ಎಣಿಸುವಂತಿಲ್ಲ, ಮಕ್ಕಳನ್ನೂ ಎಣಿಸುವಂತಿಲ್ಲ. ಸಂಜೆ ಕುರಿ ಒಳಗೆ ಬರುವಾಗ ಒಂದೊಂದರ ಮುಖ ನೋಡಿ ಗುರುತು ಹಿಡಿಯುತ್ತಾರೆಯೇ ಹೊರತು ಬೆರಳು ಮಡಚುವುದಿಲ್ಲ. ಬಾಯಿಬಿಟ್ಟು ಹೇಳಲೇಬೇಕಾಗಿ ಬಂದರೆ ಒಂದು ಕಡಿಮೆ ಹೇಳುತ್ತಾರೆ. ಸರಿಯಾದ ಲೆಕ್ಕ ಕಿವಿಗೆ ಬಿದ್ದರೆ ಮಾರಿ ಅದೇ ಲೆಕ್ಕ ಹಿಡಿದು ಮನೆಗೆ ಬರುತ್ತಾಳಂತೆ, ಲೆಕ್ಕ ತಪ್ಪಿದ್ದರೆ ಅವಳಿಗೆ ದಾರಿ ತಪ್ಪುತ್ತದಂತೆ. ಹಾಗೆ ಮರೆಮಾಡುವುದು ಮನೆಯ ಅತಿ ಚಿಕ್ಕ ಕೂಸನ್ನು. ಮನೆಗೊಂದು ಜೀವ ಮುಚ್ಚಿಟ್ಟಿದ್ದರು.

ಮರುದಿನ ಬೆಳಿಗ್ಗೆ ಕೊಟ್ರಮ್ಮ ಎಲ್ಲರನ್ನೂ ಶಾಲೆಗೆ ಕರೆಸಿದಳು. ಓಬಳಮ್ಮ ಎಂಬ ಬಾಣಂತಿ ಸೆರಗಿನೊಳಗೆ ಹೆಣ್ಣುಕೂಸು ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು.

“ಓಬಳಮ್ಮ, ನಿಮ್ಮ ಮನೇಲಿ ಎಷ್ಟು ಜನ?”

“ಮೂರು. ನಾನು, ನನ್ನ ಗಂಡ ಮೈಲಾರಪ್ಪ, ಅಜ್ಜಿ.”

“ಸೆರಗಲ್ಲಿ ಅಳ್ತಾ ಇರೋದು ಏನು, ಬೆಕ್ಕೇ?”

ಯಾರೋ ಕಿಸಕ್ಕೆಂದರು. ಮೈಲಾರಪ್ಪ ಸಿಡಿದ. “ನಿಮಗೇನು ಟೀಚರಮ್ಮ, ಸಂಬಳ ತಗೊಂಡು ಬಸ್ಸು ಹತ್ತತೀರ. ಕೂಸಿಗೆ ಏನಾರ ಆದ್ರೆ ಯಾರು ಹೊಣೆ? ಹಿಂದೊಂದು ಸಲ ಸೂಜಿ ಹಾಕೋನು ಬಂದು ಕುರಿ ಎಣಿಸಿ ಹೋದ. ತಿಂಗಳೊಳಗೆ ಅರ್ಧ ರೊಪ್ಪ ಖಾಲಿ.”

“ಸೂಜಿ ಹಾಕಿಸ್ಕೊಳ್ದೆ ಓಡಿಸಿದ್ರಲ್ಲ, ಅದಕ್ಕೆ ಖಾಲಿ!” ಕೊಟ್ರಮ್ಮನೂ ಕೂಗಿದಳು. “ನಿಮ್ಮ ಕೂಸನ್ನ ನೀವೇ ಇಲ್ಲ ಅಂದ್ರೆ ನಿಮ್ಮನ್ನ ಸರ್ಕಾರ ಯಾಕೆ ಐತೆ ಅಂತದೆ? ನಾಳೆ ಜೆಸಿಬಿ ಬಂದಾಗ ಮಾರಿ ಬಂದು ತಡೀತಾಳಾ?”

ಗೋಡೆಯ ಮೇಲಿಂದ ನಾನು ಅವರ ಮುಖ ನೋಡಿದೆ. ಎಣಿಸಿದರೆ ಕೂಸು ಹೋಗುತ್ತದೆ, ಎಣಿಸದಿದ್ದರೆ ನೆಲ ಹೋಗುತ್ತದೆ. ಅಂಥ ಹೆದರಿಕೆಯ ಮುಂದೆ ನನ್ನ ಒದ್ದೆ ಬಟ್ಟೆ ಏನು ಮಹಾ!

ಆಗ ಮೈಲಾರಪ್ಪನ ಅಜ್ಜಿ ಸಣ್ಣೀರಜ್ಜಿ ಕೋಲೂರಿಕೊಂಡು ಎದ್ದಳು. ಹಟ್ಟಿಗೆ ಹಿರಿಯಳು. ಗೋಮಾಳದಲ್ಲಿ ಮೊದಲ ಗುಡಿಸಲು ಹಾಕಿದವಳು. ಒಂದು ಕಡಿಮೆ ಹೇಳಿ ಎಂದು ಮನೆಮನೆಗೆ ಕಲಿಸಿದವಳೂ ಅವಳೇ.

“ಕುರಿಗೆ ಕೆಮ್ಮಣ್ಣು ಹಚ್ಚಿ ಗುರುತು ಮಾಡ್ತೀವಲ್ಲ, ಹಂಗೆ ಒಬ್ಬೊಬ್ರು ಈ ಹಲಗೆಗೆ ಒಂದೊಂದು ಬೊಟ್ಟು ಇಡ್ರಿ. ಬಾಯಲ್ಲಿ ಎಣಿಸೋದು ಬ್ಯಾಡ. ಎಣಿಸೋ ಕರ್ಮ ಈ ಗುಮಾಸ್ತಪ್ಪಂದು.”

“ಲೆಕ್ಕ ಸರಿಯಾಗಿಬಿಡ್ತದಲ್ಲ ಅಜ್ಜಿ?” ಓಬಳಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

“ಸರಿಯಾಗಲ್ಲ. ಮನೆಗೊಂದು ಯಾಕೆ ಬಿಡಬೇಕು? ಹಟ್ಟಿಗೆ ಒಂದು ಬಿಟ್ರೆ ಸಾಕು. ಆ ಒಂದು ನಾನು.”

“ಅಜ್ಜಿ, ನಿನ್ನೇನೇ ನಿನ್ನ ಹೆಸರು ಬರೆದೀನಿ,” ಎಂದ ತಿಪ್ಪೇರುದ್ರಪ್ಪ.

“ಹೊಡೆದಾಕು. ನಾನು ಬೀಗರ ಊರಾಕಿ, ಕುರಿ ನೋಡಾಕೆ ಬಂದಿದ್ದೆ.”

“ಪಟ್ಟಿಯಲ್ಲಿ ಇಲ್ಲದವರಿಗೆ ಹಕ್ಕುಪತ್ರ ಇಲ್ಲ. ನಿನ್ನ ಮನೆ ನಿನ್ನ ಹೆಸರಿಗೆ ಬರಲ್ಲ, ತಿಳಕೋ.”

“ನಂಗ್ಯಾಕಪ್ಪ ಇಲ್ಲಿ ಮನೆ, ಬೀಗರ ಊರಾಕಿಗೆ?”

ಜನ ನಗಲಿಲ್ಲ. ಮೈಲಾರಪ್ಪ ಅಜ್ಜಿಯ ಕೈ ಹಿಡಿದ. ಅವಳು ಕೊಸರಿಕೊಂಡಳು. ಕೊಟ್ರಮ್ಮನಿಗೆ ನಿಜ ಗೊತ್ತಿತ್ತು. ಆದರೂ ಬೋಗುಣಿ ತಂದಿಟ್ಟಳು.

ಬೋಗುಣಿಯಲ್ಲಿ ಕೆಮ್ಮಣ್ಣು ಕಲಸಿದರು. ಬೆರಳು ಅದ್ದಿ ಒಬ್ಬೊಬ್ಬರೇ ಬಂದರು. ಕೆಲವರು ಕಣ್ಣು ಮುಚ್ಚಿಕೊಂಡು ಬೊಟ್ಟಿಟ್ಟರು. ಗುಡ್ಡ ತುಂಬಿತು, ಹಳ್ಳ ತುಂಬಿತು, ಹಿರೇಬಾವಿಯ ಮೇಲೂ ಬೊಟ್ಟು ಬಿತ್ತು. ಕೊನೆಗೆ ಓಬಳಮ್ಮ ಕೂಸಿನ ಕಾಲಿನ ಹೆಬ್ಬೆರಳನ್ನು ಅದ್ದಿ, ಆ ಪೊದೆಗಳನ್ನು ಕೆರೆದಿದ್ದ ಜಾಗಕ್ಕೆ ಒತ್ತಿದಳು. ಕೂಸು ಕಿರುಚಿತು. ತಿಪ್ಪೇರುದ್ರಪ್ಪ ಗೋಡೆಗೆ ಮುಖ ಮಾಡಿ, ತುಟಿ ಮಾತ್ರ ಅಲ್ಲಾಡಿಸಿ ಎಣಿಸಿದ. ಇನ್ನೂರ ಅರವತ್ತೆಂಟು. ಸಂಖ್ಯೆಯನ್ನು ಫಾರಮಿನಲ್ಲಿ ಬರೆದು ಕೊಟ್ರಮ್ಮನಿಗಷ್ಟೇ ತೋರಿಸಿ ಬಸ್ಸಿಗೆ ಓಡಿದ.

ನನ್ನ ನಿಜವಾದ ಹೆದರಿಕೆ ಆಮೇಲೆ ಶುರುವಾಯಿತು. ಹದಿನೈದು ದಿನಕ್ಕೆ ಆ ಕೂಸಿಗೆ ಜ್ವರ ಬಂತು. ಮೈಲಾರಪ್ಪ ಶಾಲೆಗೆ ಬಂದು ನನ್ನೆದುರು ನಿಂತ. ಕೈಯಲ್ಲಿ ಕೊಡಲಿ. ಮರವಾಗಿದ್ದಾಗ ಕಂಡ ಅದೇ ಹೊಳಪು. ಸಣ್ಣೀರಜ್ಜಿ ಹಿಂದೆಯೇ ಬಂದು, ನನಗೆ ಬೆನ್ನು ಕೊಟ್ಟು ಕುಳಿತಳು.

“ಲೆಕ್ಕ ತಪ್ಪೈತೆ ಅಂತ ನಾನು ಹೇಳಿದ್ನಲ್ಲ. ಕಡಿಯೋದಾದ್ರೆ ಮೊದ್ಲು ನನ್ನ ಕಡಿ. ಇಲ್ಲಾಂದ್ರೆ ಟೀಚರಮ್ಮನ ಜೊತೆ ಆಸ್ಪತ್ರೆಗೆ ಹೋಗು, ಬೆಪ್ಪೇ.”

ಅವನು ಹೋದ. ಕೂಸು ಎಂಟು ದಿನ ಆಸ್ಪತ್ರೆಯಲ್ಲಿತ್ತು. ಎಂಟೂ ದಿನ ಅಜ್ಜಿ ನನಗೆ ಒರಗಿಯೇ ಕುಳಿತಿದ್ದಳು. ಧೈರ್ಯವಂತೆ ಎಂದು ಹಟ್ಟಿಯವರು ಹೊಗಳಿದರು. ಅವಳ ಬೆನ್ನು ಎಷ್ಟು ನಡುಗುತ್ತಿತ್ತು ಎಂಬುದು ನನಗೊಬ್ಬನಿಗೇ ಗೊತ್ತು.

ಕೂಸು ಉಳಿಯಿತು. ಹಟ್ಟಿ ಊರಾಯಿತು. ಫ್ಯಾನುಗಳು ಗುಡ್ಡದ ಮೇಲೇ ಉಳಿದವು. ಹಕ್ಕುಪತ್ರ ಹಂಚಿದ ದಿನ ಶಾಮಿಯಾನದ ಒಳಗೆ ಎಲ್ಲರ ಹೆಸರು ಕೂಗಿದರು. ಅಜ್ಜಿ ಹೊರಗೆ ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಜಗಿದಳು. ಮೂರು ವರ್ಷದ ಮೇಲೆ ಅವಳು ಸತ್ತಳು. ಮರಣ ಬರೆಸಲು ಹೋದ ಮೈಲಾರಪ್ಪನಿಗೆ ಪಂಚಾಯ್ತಿಯಲ್ಲಿ “ಆ ಹೆಸರಿನವರು ನಿಮ್ಮೂರಲ್ಲಿ ಇಲ್ಲವಲ್ಲ” ಎಂದರಂತೆ. ಅವನು ಶಾಲೆಗೆ ಬಂದು ನನ್ನ ಮುಂದೆ ಕುಳಿತು ಅತ್ತ.

ಈಗ ಶಾಲೆಗೆ ಹೊಸ ಕಟ್ಟಡ, ಬಿಳಿ ಹಲಗೆ. ಹಳೆಯ ಕೋಣೆ ಕೆಡವುವಾಗ ಮೈಲಾರಪ್ಪ ನನ್ನನ್ನು ಕೇಳಿ ಪಡೆದು ತನ್ನ ಕುರಿರೊಪ್ಪಕ್ಕೆ ಬಾಗಿಲು ಮಾಡಿಕೊಂಡ. ಕುರಿಗಳು ಮೈಯುಜ್ಜಿ ಉಜ್ಜಿ ಬೊಟ್ಟುಗಳು ಸವೆಯುತ್ತಿವೆ. ಒದ್ದೆ ಬಟ್ಟೆಯ ಬದಲು ಉಣ್ಣೆ, ಅಷ್ಟೇ. ಹೆದರಿಕೆ ಹೋಗಿಲ್ಲ.

ಮೊನ್ನೆ ಮತ್ತೆ ಗಣತಿಯವಳೊಬ್ಬಳು ಮೊಬೈಲು ಹಿಡಿದು ಬಂದಳು. “ಮನೇಲಿ ಎಷ್ಟು ಜನ?”

ಓಬಳಮ್ಮ ತಟ್ಟನೆ “ನಾಕು” ಎಂದಳು.

ಅವಳ ಮಗಳು ಈರಕ್ಕ ಅಲ್ಲೇ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಹತ್ತು ವರ್ಷ. ನನ್ನ ಮೇಲೆ ಹೆಬ್ಬೆರಳೊತ್ತಿದ್ದವಳು ಅವಳೇ. ಅಜ್ಜಿಯ ಹೆಸರನ್ನೇ ಅವಳಿಗೆ ಇಟ್ಟಿದ್ದಾರೆ.

“ಐದು ಅನ್ನವ್ವ. ಅಪ್ಪ, ನೀನು, ನಾನು, ತಮ್ಮಂದಿರಿಬ್ರು.”

“ಸುಮ್ಕಿರೇ!”

“ಯಾಕೆ ಸುಮ್ಕಿರಲಿ? ಬಿಡಬೇಕಾದ ಒಂದನ್ನ ಅಜ್ಜಿ ಆವತ್ತೇ ಬಿಟ್ಟಾಗೈತೆ. ಇನ್ನೆಷ್ಟು ಸಲ ಬಿಡ್ತೀಯ?”

ಓಬಳಮ್ಮ ನನ್ನ ಕಡೆ ನೋಡಿದಳು. ಪೊದೆ ಕೆರೆದ ಜಾಗದಲ್ಲಿ ಆ ಪುಟ್ಟ ಬೊಟ್ಟು ಇನ್ನೂ ಇತ್ತು. ಅದರ ಕೆಳಗೆ ಅಜ್ಜಿ ಒರಗಿ ಕುಳಿತು ಕುಳಿತು ನುಣುಪಾದ ಜಾಗವೂ ಇತ್ತು. ಅವಳು “ಐದು. ಬರಕೊಳವ್ವ,” ಎಂದಳು.

ಸಂಜೆ ಕುರಿಗಳು ಬಂದವು. ನನ್ನನ್ನು ದಾಟಿ ಒಂದೊಂದೇ ಒಳಗೆ ಹೋದವು. ನಾನು ಹೆದರಿಕೊಂಡೇ ಒಂದೊಂದರ ಮುಖ ನೋಡಿದೆ. ಎಲ್ಲವೂ ಇದ್ದವು.

ಎಷ್ಟು ಎಂದು ಮಾತ್ರ ನನ್ನನ್ನು ಕೇಳಬೇಡಿ.