ಕೋಲಿನ ತುದಿಯ ತೇವ

೨೦೨೩ರ ಜನವರಿ ೧೭, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಡರ್ವ್ಲಾಳ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಎರಡು ಸಲ ಕೆಮ್ಮಿ ಆರಿಹೋಯಿತು. ಒಳಕೋಣೆಯಲ್ಲಿ ಅಣ್ಣ ಕಾರ್ಮಕ್ ಮಲಗಿದ್ದ. ಕಲ್ಲುಗಣಿಯ ಧೂಳು ಕುಡಿದ ಶ್ವಾಸಕೋಶ ಅವನದು. ಕೋಣೆ ಹದಿನೆಂಟು ಡಿಗ್ರಿಗಿಂತ ಕೆಳಗಿಳಿಯಬಾರದು, ಇಳಿದರೆ ಮತ್ತೆ ಆಸ್ಪತ್ರೆಯೇ ಎಂದು ನರ್ಸ್ ಹೇಳಿ ಹೋಗಿದ್ದಳು.

ಟೈರೋನ್ ಎಂಬ ಐರಿಷ್ ಸೀಮೆಯ ಆ ಗುಡ್ಡದ ಓಣಿಗೆ ಗ್ಯಾಸಿನ ಕೊಳವೆ ಬಂದಿಲ್ಲ. ಮನೆಮನೆಯ ಹಿಂದೆ ಸೀಮೆಎಣ್ಣೆಯ ಹಸಿರು ಟ್ಯಾಂಕು. ಅಳೆಯುವುದಕ್ಕೆ ಒಂದು ಪೊರಕೆಯ ಕೋಲು. ಚರ್ಚಿನ ನಿಧಿಯಿಂದ ಈ ಓಣಿಗೆ ಒಂದೇ ಮನೆಗಾಗುವಷ್ಟು ಎಣ್ಣೆ ಬಂದಿದೆ, ನಿಮಗೆ ಬೇಕೇ ಎಂದು ಹಿಂದಿನ ವಾರ ಪಾದ್ರಿ ಕೇಳಿದ್ದರು. ಡರ್ವ್ಲಾ ಕೋಲು ಇಳಿಸಿ ನೋಡಿದಳು. ಹನ್ನೆರಡು ಸೆಂಟಿಮೀಟರ್ ಒದ್ದೆ. ತಿಂಗಳಾಂತ್ಯದವರೆಗೆ ನಡೆಯುತ್ತದೆ ಎಂದು ಲೆಕ್ಕ ಹಾಕಿ, ಎದುರುಮನೆಯ ವಿಲ್ಮಾ ಅರ್ವಿನ್‌ಗೆ ಕೊಡಿ ಎಂದಳು. ವಿಲ್ಮಾಳ ಮನೆಯಲ್ಲಿ ಮೊಮ್ಮಗಳು ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ.

ಈಗ ಮತ್ತೆ ಕೋಲು ಇಳಿಸಿದಳು. ಹತ್ತು ಸೆಂಟಿಮೀಟರ್ ಒದ್ದೆಯಿದೆ, ಬಾಯ್ಲರ್ ಮಾತ್ರ ಸತ್ತಿದೆ. ಟ್ಯಾಂಕಿನ ಬುಡದ ನಲ್ಲಿ ತಿರುಗಿಸಿ ಗಾಜಿನ ಲೋಟ ಹಿಡಿದಳು. ತುಂಬಿದ್ದು ತಿಳಿನೀರು. ಶರತ್ಕಾಲದ ಬಿರುಗಾಳಿಗೆ ಮುಚ್ಚಳ ಸೀಳಿ ಮಳೆ ಒಳಗಿಳಿದಿತ್ತು. ಎಣ್ಣೆ ಮೇಲೆ, ನೀರು ಕೆಳಗೆ. ಕೋಲಿಗೆ ಎರಡೂ ಒಂದೇ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿದವಳು ಕೋಲನ್ನು ಮೂಸಿಯೂ ನೋಡಿರಲಿಲ್ಲ.

ಕೋಣೆ ಹನ್ನೊಂದು ಡಿಗ್ರಿಗೆ ಇಳಿದಿತ್ತು. ಕಾರ್ಮಕ್‌ನ ತುಟಿ ನೀಲಿಗಟ್ಟುತ್ತಿತ್ತು. ಅವಳು ಕೋಟು ಹಾಕಿಕೊಳ್ಳುವುದನ್ನು ಕಂಡು ಅವನು ಉಸಿರು ಕೂಡಿಸಿಕೊಂಡ.

"ಕೈಯಾರೆ ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಹೋಗ್ತೀಯಾ? ಅದೂ ಕೂಸಿರೋ ಮನೆಗೆ? ಬೇಡ ಕಣೇ. ಇನ್ನೊಂದು ಕಂಬಳಿ ಹೊದಿಸು, ಸಾಕು."

ಅವನ ಮೇಲೆ ಆಗಲೇ ಮೂರು ಕಂಬಳಿಗಳಿದ್ದವು. ಅವಳು ಓಣಿ ದಾಟಿದಳು.

ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಎಣ್ಣೆ ಬೇಕು ಎಂಬ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ವಿಲ್ಮಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೇಳಿಸಿಕೊಂಡಳು.

"ಎಣ್ಣೆ ನೀರಿನ ಮೇಲೆ ತೇಲತ್ತೆ ಅಂತ ನಮ್ಮ ಹುಡುಗಂಗೆ ಕಿವಿ ಹಿಂಡಿ ಕಲಿಸಿದ್ರಲ್ಲ, ಟೀಚರ್," ಎಂದಳು. ಅಷ್ಟರಲ್ಲೇ ಶೆಡ್ಡಿನ ಬೀಗದ ಕೈ ಹುಡುಕುತ್ತಿದ್ದಳು. "ಡಬ್ಬ ಅಲ್ಲಿದೆ. ನಾಲ್ಕು ಡಬ್ಬ ತುಂಬ್ಸೋಣ. ಬೇಡ ಅನ್ನೋ ಹಾಗಿದ್ರೆ ನಿಮ್ಮಣ್ಣನ್ನೇ ಇಲ್ಲಿಗೆ ಹೊತ್ಕೊಂಡು ಬರ್ತೀನಿ, ಯಾವುದು ವಾಸಿ ನೀವೇ ಹೇಳಿ."

ಇಬ್ಬರೂ ಮೊದಲು ಡರ್ವ್ಲಾಳ ಟ್ಯಾಂಕಿನ ನೀರು ಹೊರಬಿಟ್ಟರು. ಹಿಮ ಬಿದ್ದ ಹುಲ್ಲಿನ ಮೇಲೆ ಅದು ಬಹಳ ಹೊತ್ತು ಹರಿಯಿತು. ಸೀಳಿದ ಮುಚ್ಚಳಕ್ಕೆ ಗೊಬ್ಬರದ ಚೀಲ ಬಿಗಿದರು. ಡಬ್ಬಗಳನ್ನು ಸುರಿದು, ಬರ್ನರಿನ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ನೀರನ್ನೂ ಗಾಳಿಯನ್ನೂ ತೆಗೆದಾಗ ಮಧ್ಯಾಹ್ನ ದಾಟಿತ್ತು. ಮೂರನೆಯ ಸಲಕ್ಕೆ ಬಾಯ್ಲರ್ ಹೊತ್ತಿಕೊಂಡಿತು.

ಸಂಜೆ ಕಾರ್ಮಕ್ ಕಣ್ಣು ತೆರೆಯದೆಯೇ ಎಷ್ಟಿದೆ ಎಂದು ಕೇಳಿದ. ಹದಿನೆಂಟು ಎಂದುಬಿಡಬಹುದಿತ್ತು. ಡರ್ವ್ಲಾ ಕನ್ನಡಕ ಒರೆಸಿಕೊಂಡು, ಉಷ್ಣಮಾಪಕವನ್ನು ಎರಡು ಸಲ ನೋಡಿ, ಇದ್ದದ್ದನ್ನೇ ಹೇಳಿದಳು: ಹದಿನಾರು ಡಿಗ್ರಿ.